ಡಗ್ಗಿ ಓಲ್ಡ್‌ರಾಯ್ಡ್ ಚೆಂಡು ಒತ್ತಿದ್ದು ಯಾವ ಮೂಲೆಯಲ್ಲಿ?

೧

ಎಲ್ಲಿಂದ ಶುರು ಮಾಡಲಿ? ರೈಲು ಹಳಿಯ ಕಡೆಯಿಂದಲೋ, ತರಕಾರಿ ತೋಟದ ಕಡೆಯಿಂದಲೋ? ನಗಬೇಡಿ. ನಮ್ಮೂರಾದ ಸ್ಕೆಲ್‌ಥಾರ್ಪ್‌ನಲ್ಲಿ ಈ ಪ್ರಶ್ನೆಗೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ನಮ್ಮ ರಗ್ಬಿ ಲೀಗ್ ಮೈದಾನಕ್ಕೆ ಎರಡು ತುದಿ. ಒಂದರ ಹಿಂದೆ ರೈಲು ಹಳಿ, ಇನ್ನೊಂದರ ಹಿಂದೆ ಗಣಿ ಮುಚ್ಚಿದ ಮೇಲೆ ಗಂಡಸರು ಎಲೆಕೋಸು ಬೆಳೆಯುತ್ತಾ ಕೂತ ತೋಟಗಳು. ಕಥೆ ಇಷ್ಟೇ: ಡಗ್ಗಿ ಓಲ್ಡ್‌ರಾಯ್ಡ್ ತೀರಿಕೊಂಡಿದ್ದಾನೆ, ಅವನ ಬೂದಿಯನ್ನು ಯಾವ ತುದಿಯಲ್ಲಿ ಹುಗಿಯಬೇಕೆಂದು ಊರಿಗೇ ಗೊತ್ತಿಲ್ಲ.

(ಮೊದಲ ಕರಡು "ಮಂಜು ಮುಸುಕಿದ ಒಂದು ಮಧ್ಯಾಹ್ನ" ಎಂದು ಶುರುವಾಗಿತ್ತು. ಹರಿದುಹಾಕಿದೆ. ಮಂಜು ಹೇಗೂ ಬರುತ್ತದೆ, ಆದರೆ ಮೊದಲ ಸಾಲಿಗೇ ಬಂದರೆ ನೀವು ನನ್ನನ್ನು ದೊಡ್ಡ ಸಾಹಿತಿ ಎಂದುಕೊಂಡುಬಿಡುತ್ತೀರಿ.)

೨

ಎಲ್ಲರೂ ಒಪ್ಪುವ ಸಂಗತಿಗಳನ್ನು ಮೊದಲು ಮುಗಿಸುತ್ತೇನೆ, ಕಡಿಮೆ ಇವೆ. ೧೯೭೪ರ ಕಪ್ ಪಂದ್ಯ. ಕೊನೆಯ ನಿಮಿಷ. ನಮ್ಮ ಗೆರೆಯ ಹತ್ತಿರ ಚೆಂಡು ಹಿಡಿದ ಡಗ್ಗಿ ಇಡೀ ಮೈದಾನ ಓಡಿ, ಎದುರಾಳಿಗಳ ಗೆರೆ ದಾಟಿ, ಮೂಲೆಯಲ್ಲಿ ಚೆಂಡನ್ನು ನೆಲಕ್ಕೊತ್ತಿದ. ರಗ್ಬಿಯಲ್ಲಿ ಅದೇ ಗೋಲು, ಅದರ ಹೆಸರು ಟ್ರೈ! ಪಕ್ಕದೂರಿನ ದೊಡ್ಡ ಕ್ಲಬ್ಬು ಸೋತಿತು. ಮುಂದಿನ ಸುತ್ತಿನಲ್ಲಿ ನಾವೂ ಹೀನಾಯವಾಗಿ ಸೋತೆವು, ಅದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಅವತ್ತು ಬಂದಿದ್ದವರು ಎರಡು ಸಾವಿರ ಜನ. "ನಾನೂ ಇದ್ದೆ" ಎಂದು ನನ್ನ ಔಷಧದಂಗಡಿಗೆ ಬಂದು ಹೇಳಿದವರು ಅದರ ಎರಡರಷ್ಟು. ಅವರಲ್ಲೊಬ್ಬ ಹುಟ್ಟಿದ್ದೇ ೧೯೭೯ರಲ್ಲಿ.

ಮಂಜು ಮಾತ್ರ ಇತ್ತು. ಪತ್ರಿಕೆಯವನು ಅರ್ಧ ಆಟಕ್ಕೇ ಮನೆಗೆ ಹೋಗಿ, ಮರುದಿನ "ಮೂಲೆಯಲ್ಲಿ" ಎಂದಷ್ಟೇ ಬರೆದ.

೩

ಡಗ್ಗಿ ತೀರಿಕೊಂಡ ಮೇಲಿನ ಒಂದು ಭಾನುವಾರ, ಆಟಕ್ಕೆ ಒಂದು ಗಂಟೆ ಮೊದಲು. ಮೈದಾನದ ಮೇಲ್ವಿಚಾರಕ ಕ್ಲೆಗ್ ಬ್ರೆಡ್ಡು ಕೊಯ್ಯುವ ಚಾಕು ಹಿಡಿದು ನಿಂತಿದ್ದ. ಸತ್ತವರ ಬೂದಿಯನ್ನು ಮೈದಾನಕ್ಕೆ ತರುವುದು ನಮ್ಮಲ್ಲಿ ರೂಢಿ, ಆದರೆ ಚೆಲ್ಲುವಂತಿಲ್ಲ, ಚೆಲ್ಲಿದರೆ ಹುಲ್ಲು ಸುಟ್ಟುಹೋಗುತ್ತದೆ. ಕ್ಲೆಗ್ ಹುಲ್ಲನ್ನು ಅಂಗೈಯಗಲ ಚೌಕವಾಗಿ ಕೊಯ್ದು, ಎತ್ತಿ, ಬೂದಿ ಸುರಿದು, ಮತ್ತೆ ಮುಚ್ಚಿ, ಬೂಟಿನಿಂದ ಒತ್ತಿ, ಟೋಪಿ ತೆಗೆಯುತ್ತಾನೆ. ಒಬ್ಬರಿಗೆ ಒಂದೇ ಚೌಕ. ಮೇಯರ್ ಸತ್ತರೂ ಅಷ್ಟೆ.

ಡಗ್ಗಿಯ ಹೆಂಡತಿ ಬೆರಿಲ್ ಡಬ್ಬಿಯನ್ನು ಎದೆಗವಚಿಕೊಂಡಿದ್ದಳು. "ಅವ್ನು ಟ್ರೈ ಹೊಡೆದ ಜಾಗದಲ್ಲೇ ಇಡು ಕ್ಲೆಗ್. ಅಲ್ಲಿ ಖುಷಿಯಾಗಿದ್ದ."

"ಇಡ್ತೀನಿ ತಾಯಿ. ರೈಲು ಕಡೆ ಮೂಲೆ ತಾನೆ?"

"ಯಾವ ರೈಲೋ!" ಚಹಾ ಗುಡಿಸಲಿನಿಂದ ಥೆಲ್ಮಾ ಕೂಗಿದಳು. ಅವಳು ಅಲ್ಲಿ ಪೈ ಮತ್ತು ಬಟಾಣಿ ಮಾರುವುದಕ್ಕೆ ನಿಂತು ಐವತ್ತು ವರ್ಷವಾಯಿತು. "ತೋಟದ ಕಡೆ ಕಣಯ್ಯಾ! ನನ್ನ ಕಾಲ ಹತ್ರಾನೇ ಬಂದು ಬಿದ್ದ. ಕೈಲಿದ್ದ ಬಟಾಣಿ ಪೂರ್ತಿ ಚೆಲ್ಲೋಯ್ತು."

"ಮಂಜಲ್ಲಿ ನಿನ್ನ ಕಾಲೇ ನಿಂಗೆ ಕಾಣ್ತಿರ್ಲಿಲ್ಲ. ಅವ್ನು ಒತ್ತಿದ ತಕ್ಷಣ ಕಲ್ಲಿದ್ದಲ ರೈಲು ಸೀಟಿ ಹೊಡೀತು, ನಾನೇ ಕೇಳಿದೀನಿ. ತೋಟದಲ್ಲಿ ಏನು ಎಲೆಕೋಸು ಸೀಟಿ ಹೊಡೆಯತ್ತಾ?"

"ಕಿವೀಲಿ ಟ್ರೈ ನೋಡ್ದೋನು ನೀನೊಬ್ನೇ!"

ಜಗಳ ಕೇಳುತ್ತಾ ನಿಂತಿದ್ದ ಬೆರಿಲ್ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದಳು: "ಅವತ್ತು ನಂಗೆ ಆಸ್ಪತ್ರೆ ಅಡುಗೆಮನೇಲಿ ಪಾಳಿ. ಮನೇಗೆ ಬಂದು 'ಮೂಲೇಲಿ ಒತ್ತಿಬಿಟ್ಟೆ ಕಣೇ' ಅಂದ. ನಾನು 'ಬೂಟು ಹೊರಗೆ ಬಿಡು' ಅಂದೆ. ನಲವತ್ತೊಂಬತ್ತು ವರ್ಷ ಒಟ್ಟಿಗಿದ್ದು, ಯಾವ ಮೂಲೆ ಅಂತ ಒಂದು ಸಲಾನೂ ಕೇಳ್ಲಿಲ್ಲ ನೋಡು."

ನನಗೆ ಸಂಕಟವಾಯಿತು. ಅದರ ಜೊತೆಗೆ ಭಯವೂ ಆಯಿತು, ಯಾಕೆಂದು ಆಮೇಲೆ ಹೇಳುತ್ತೇನೆ.

೪

(ಇಲ್ಲಿ ಕಥೆಯನ್ನು ಸುಲಭವಾಗಿ ಮುಗಿಸಲು ಮೂರು ಸಲ ಪ್ರಯತ್ನಿಸಿದೆ.)

ಅಂತ್ಯ ಅ: ಅರ್ಧ ಬೂದಿ ಅಲ್ಲಿ, ಅರ್ಧ ಇಲ್ಲಿ. ಕ್ಲೆಗ್ ಒಪ್ಪಲಿಲ್ಲ. ಒಬ್ಬರಿಗೆ ಒಂದೇ ಚೌಕ ಎಂದು ನಾನೇ ಬರೆದುಬಿಟ್ಟಿದ್ದೇನೆ, ಈಗ ಅವನು ಅದನ್ನೇ ಹಿಡಿದು ಕೂತಿದ್ದಾನೆ. ಬೆರಿಲ್ ಕೂಡ "ಬದುಕಿದ್ದಾಗ ಒಂದು ಕಡೆ ಕೂರ್ತಿರ್ಲಿಲ್ಲ, ಈಗಲಾದ್ರೂ ಕೂರ್ಲಿ" ಎಂದಳು.

ಅಂತ್ಯ ಆ: ಒಂದು ಹಳೆಯ ಫೋಟೋ ಸಿಗುತ್ತದೆ. ಸಿಗುವಂತೆ ಬರೆದೂ ನೋಡಿದೆ. ಅದರ ತುಂಬ ಮಂಜು.

ಅಂತ್ಯ ಇ: ಮೈದಾನದ ನಟ್ಟನಡುವೆ. ಡಗ್ಗಿ ಅಂಚಿನಲ್ಲಿ ಓಡುವ ಆಟಗಾರ. ನಡುವೆ ದಾಂಡಿಗರು ಗುದ್ದಾಡುವ ಜಾಗಕ್ಕೆ ಅವನು ಆಡಿದ ಹನ್ನೆರಡು ವರ್ಷದಲ್ಲಿ ಕಾಲಿಟ್ಟವನಲ್ಲ. ಸತ್ತ ಮೇಲೆ ಅಲ್ಲಿಗೆ ದಬ್ಬುವುದು ದ್ರೋಹ.

೫

ಈಗ ಭಯದ ವಿಷಯ. ಓದುಗರೇ, ನಾನು ಈ ಊರಿಗೆ ಬಂದದ್ದು ೧೯೭೫ರಲ್ಲಿ. ಅಂದರೆ ಆ ಟ್ರೈ ಆದ ಮರುವರ್ಷ.

ಆದರೂ ಕ್ಲಬ್ಬಿನ ಪಂದ್ಯದ ಪುಸ್ತಿಕೆಗೆ ಕೊನೆಯ ಪುಟ ಬರೆಯುತ್ತಿದ್ದವನು ನಾನೇ. ಹತ್ತನೇ ವರ್ಷದ ನೆನಪಿಗೆ ಆ ಟ್ರೈಯನ್ನು ಕಣ್ಣಾರೆ ಕಂಡವನಂತೆ ವರ್ಣಿಸಿದೆ. ವಾಕ್ಯಕ್ಕೊಂದು ಸದ್ದು ಬೇಕಿತ್ತು, ರೈಲಿನ ಸೀಟಿ ಹಾಕಿದೆ. ಇಪ್ಪತ್ತನೇ ವರ್ಷಕ್ಕೆ ಮತ್ತೆ ಬರೆದೆ. ಹಳೆಯದನ್ನು ತೆಗೆದು ನೋಡಲು ಸೋಮಾರಿತನ. ಈ ಸಲ ಸ್ವಲ್ಪ ನಗು ಬೇಕಿತ್ತು, ತೋಟದ ಕಡೆ ಯಾರದೋ ಕೈಯಿಂದ ಬಟಾಣಿ ಚೆಲ್ಲಿಸಿದೆ.

ಕ್ಲೆಗ್‌ನ ಸೀಟಿ ನನ್ನದು. ಥೆಲ್ಮಾಳ ಬಟಾಣಿಯೂ ನನ್ನದೇ. ಅವರಿಬ್ಬರೂ ಸುಳ್ಳರಲ್ಲ, ನನ್ನ ಓದುಗರು. ಇಬ್ಬರೂ ನನ್ನನ್ನು ಇಷ್ಟು ಮನಸ್ಸಿಟ್ಟು ಓದಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗಿದ್ದನ್ನೂ ಒಪ್ಪಿಕೊಳ್ಳುತ್ತೇನೆ. ನಾಚಿಕೆಗೆಟ್ಟ ಜಾತಿ ನಮ್ಮದು, ಬರೆಯುವವರದು.

೬

ಬೆರಿಲ್‌ಗೆ ಹೇಳಿಬಿಟ್ಟೆ. ಗೆರೆಯ ಪಕ್ಕ ನಿಂತೇ ಹೇಳಿದೆ. ಜನ ಆಗಲೇ ಒಳಗೆ ಬರುತ್ತಿದ್ದರು. ಕಪಾಳಕ್ಕೆ ಬಿಗಿಯುತ್ತಾಳೆ ಎಂದುಕೊಂಡಿದ್ದೆ (ಒಂದು ಕರಡಿನಲ್ಲಿ ಬಿಗಿಸಿಯೂ ನೋಡಿದೆ, ಅವಳು ಒಪ್ಪಲಿಲ್ಲ).

"ಅಂದ್ರೆ ಯಾರಿಗೂ ಗೊತ್ತಿಲ್ಲ," ಎಂದಳು.

"ಇಲ್ಲ ಬೆರಿಲ್. ತಪ್ಪಾಯ್ತು."

"ನಂಗೊಬ್ಬಳಿಗೇ ಗೊತ್ತಿಲ್ಲ ಅಂತ ಇಷ್ಟು ವರ್ಷ ನಾಚ್ಕೊಂಡು ಸತ್ತೆನಲ್ಲೋ. ಊರಿಗೆಲ್ಲ ಗೊತ್ತು, ಹೆಂಡ್ತಿಗೆ ಗೊತ್ತಿಲ್ಲ ಅಂತ." ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. "ಕ್ಲೆಗ್, ಥೆಲ್ಮಾ ಇಬ್ರನ್ನೂ ಬರೆದು ಬರೆದೇ ಅಲ್ಲಿ ಚೆನ್ನಾಗಿ ನಿಲ್ಲಿಸಿದೀಯ. ನನ್ನೂ ನಿಲ್ಲಿಸು."

"ಎಲ್ಲಿ?"

"ಅವತ್ತು, ಆಟದಲ್ಲಿ. ಪಾಳಿ ಬಿಟ್ಟು ಬಂದೆ ಅಂತ ಬರಿ. ನಿಂಗೇನು ಕಷ್ಟ? ಬರದೇ ಇರೋ ರೈಲನ್ನೇ ತರಿಸಿದೋನು."

"ಬರೀತೀನಿ. ಯಾವ ಕಡೆ ನಿಲ್ಲಿಸ್ಲಿ?"

"ಅವ್ನು ಎಲ್ಲಿಗೆ ಬರ್ತಾನೋ ಅಲ್ಲಿ," ಎಂದಳು ಬೆರಿಲ್, ಇಷ್ಟೂ ಗೊತ್ತಾಗುವುದಿಲ್ಲವೇ ಎನ್ನುವಂತೆ.

೭

ನಿಮಗೆ ಮೂಲೆ ಬೇಕು, ಗೊತ್ತು. ಕ್ಲೆಗ್‌ಗೂ ಬೇಕಿತ್ತು. "ಎಲ್ಲಿ ಕೊಯ್ಯಲಿ ತಾಯಿ? ಹುಡುಗರು ಆಟಕ್ಕೆ ಇಳೀತಾರೆ ಈಗ," ಎಂದು ಚಾಕು ಎತ್ತಿ ಕೇಳಿದ. ಬೆರಿಲ್ ಗೆರೆ ದಾಟಿ ಹುಲ್ಲಿಗಿಳಿದು ನಡೆಯತೊಡಗಿದಳು. ಕ್ಲೆಗ್ ಅವಳ ಹಿಂದೆ ಹೊರಟ. ಗುಡಿಸಲಿನ ಕಿಟಕಿಯಿಂದ ಥೆಲ್ಮಾ ಅರ್ಧ ಮೈ ಹೊರಗೆ ಚಾಚಿದ್ದಳು. ಜನ ಒಬ್ಬೊಬ್ಬರಾಗಿ ಗೆರೆಯ ಹತ್ತಿರ ಬಂದು ನಿಂತರು.

ಆ ಚೌಕ ಎಲ್ಲಿದೆ ಎಂದು ಆ ಭಾನುವಾರ ಬಂದಿದ್ದ ಎಲ್ಲರಿಗೂ ಗೊತ್ತು. ಬೇಕಾದರೆ ಅವರನ್ನೇ ಹೋಗಿ ಕೇಳಿ. ನಾನು ಮಾತ್ರ ಮೈದಾನಕ್ಕೆ ಬೆನ್ನು ತಿರುಗಿಸಿ, ಗೋಡೆ ನೋಡುತ್ತಾ ನಿಂತಿದ್ದೆ. ನೋಡಿದ್ದರೆ ಬರೆದುಬಿಡುತ್ತಿದ್ದೆ.