ಬೈಂಡರ್ ಎಳೆದ ವೈರು

ಗೋಡೆಗೆ ಯಾರೋ ಸಿಕ್ಕಿಸಿದ್ದ ಮೊಬೈಲ್ ಚಾರ್ಜರನ್ನು ಕಿತ್ತು ಅದರ ಒಡೆಯನ ಮಡಿಲಿಗೆ ಹಾಕಿದವಳೇ ಅವಳು ಅಡುಗೆಮನೆಗೆ ನುಗ್ಗಿದಳು. ಅಲ್ಲಿ ತಮ್ಮನ ಹೆಂಡತಿ ಬಂದವರಿಗೆ ಟೀ ಮಾಡೋಣವೆಂದು ಕರೆಂಟಿನ ಕೆಟಲ್ ಹಚ್ಚಿದ್ದಳು. ಅದನ್ನೂ ಆರಿಸಿದಳು. ಆಮೇಲೆ ಬಚ್ಚಲ ದೀಪ, ಆಮೇಲೆ ನಡುಮನೆಯ ಫ್ಯಾನು. ಗಂಡ ಸತ್ತ ದಿನ ಹೆಂಗಸಾದವಳು ಒಂದು ಮೂಲೆ ಹಿಡಿದು ಅಳಬೇಕಪ್ಪ. ಇವಳು ನೋಡಿದರೆ ಮನೆ ತುಂಬ ಸ್ವಿಚ್ಚು ಆರಿಸಿಕೊಂಡು ಓಡಾಡುತ್ತಿದ್ದಾಳೆ. ಪಾಪ, ದುಃಖ ತಲೆಗೆ ಹತ್ತಿದೆ ಎಂದು ಬಂದವರು ಕಣ್ಣಲ್ಲೇ ಮಾತಾಡಿಕೊಂಡರು.

ತಲೆಗೇನೂ ಹತ್ತಿರಲಿಲ್ಲ. ನಡುಮನೆಯಲ್ಲಿ, ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆಯೊಳಗೆ ಗಂಡ ಮಲಗಿದ್ದ. ಪೆಟ್ಟಿಗೆ ಗುಂಯ್ ಎನ್ನುತ್ತ ಕರೆಂಟು ಕುಡಿಯುತ್ತಿತ್ತು. ಅದನ್ನು ಬಾಡಿಗೆಗೆ ತಂದವನು ಅವಳ ತಮ್ಮ. ಬೇಸಿಗೆಯ ಸೆಕೆ, ಮಗಳು ದೂರದಿಂದ ಬರಬೇಕು, ಅವಳ ರೈಲು ಅರ್ಧ ದಾರಿಯಲ್ಲಿ ನಿಂತಿದೆ. ಸಂಜೆಯಾಗುತ್ತೆ, ಅಪ್ಪನ ಮುಖ ನೋಡದೆ ಕಳಿಸಬೇಡಿ ಎಂದು ಫೋನಿನಲ್ಲಿ ಅತ್ತಿದ್ದಳು. ಪೆಟ್ಟಿಗೆ ಆರಿಸಿದರೆ ಆ ಮುಖ ಸಂಜೆಯವರೆಗೆ ಉಳಿಯುವುದಿಲ್ಲ. ಆರಿಸದಿದ್ದರೆ ಮನೆ ಉಳಿಯುತ್ತದೋ ಇಲ್ಲವೋ ಎಂಬ ಭಯ ಅಷ್ಟು ಜನರಲ್ಲಿ ಅವಳೊಬ್ಬಳಿಗೇ ಇತ್ತು.

*

ಗಂಡ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವವನು. ಓಣಿಗೆಲ್ಲ ಬೈಂಡರ್ ಎಂದೇ ಹೆಸರು. ಗೋದಾಮಿನ ಮೇಲಿನ ಈ ಮನೆ ಕೊಂಡಾಗಲೇ ಅದರ ವೈರಿಂಗಿಗೆ ಮುಪ್ಪು ಬಂದಿತ್ತು. ಮನೆ ಕೊಂಡ ಮೇಲೆ ಕೈಯಲ್ಲಿ ಏನು ಉಳಿದಿರುತ್ತೆ? ಮುಂದಿನ ವರ್ಷ ಹೊಸದಾಗಿ ಎಳೆಸೋಣ ಎಂದ. ಆ ಮುಂದಿನ ವರ್ಷ ಮಗಳ ಓದಿಗೆ ಹೋಯಿತು, ಅದರ ಮುಂದಿನದು ಹೆಂಡತಿಯ ಆಪರೇಷನ್ನಿಗೆ. ಅಲ್ಲಿಯವರೆಗೆ ನಡೆಯಲಿ ಎಂದು ತಾನೇ ಏಣಿ ಹತ್ತಿದ. ಕೆಡವಿದ ಕಟ್ಟಡಗಳಿಂದ ತುಂಡು ವೈರು ತಂದು ಒಂದಕ್ಕೊಂದು ಹೆಣೆದ. ಗಂಟು ಹಾಕಿದ ಕಡೆ ಟೇಪು ಸುತ್ತಬೇಕಲ್ಲ, ಟೇಪಿಗೆ ಯಾಕೆ ದುಡ್ಡು ದಂಡ ಎಂದು ಪ್ರೆಸ್ಸಿನ ಬೈಂಡಿಂಗ್ ಬಟ್ಟೆ ಸುತ್ತಿ, ಅಂಟು ಬಳಿದು, ಹೆಬ್ಬೆರಳಿಂದ ನೀವಿ ನೀವಿ ಒಣಗಿಸಿದ. ಪುಸ್ತಕದ ಬೆನ್ನಿನಷ್ಟು ಅಚ್ಚುಕಟ್ಟು. ಅದರ ಮೇಲೆ ಗಾರೆ ಮೆತ್ತಿದ.

ಆಮೇಲೊಮ್ಮೆ ಮೂಲೆ ಅಂಗಡಿಯ ಎಲೆಕ್ಟ್ರಿಷಿಯನ್ ಬೋರ್ಡು ಬಿಚ್ಚಿ ನೋಡಿ ತಲೆ ಚಚ್ಚಿಕೊಂಡಿದ್ದ.

"ಬೈಂಡರ್ ಸಾಹೇಬ್ರೇ, ಇದು ವೈರಿಂಗ್ ಅಲ್ಲ, ಲೈಬ್ರರಿ. ಬಿಸಿ ಏರಿದ್ರೆ ಗೋಡೆ ಒಳಗೇ ಹತ್ಕೊಳ್ಳುತ್ತೆ."

ಬೈಂಡರಿಗೆ ಮೂಗಿನ ತುದಿಗೆ ಕೋಪ ಬಂತು. ಆದರೆ ಭಯವೂ ಹೊಕ್ಕಿತು. ಅಂದಿನಿಂದ ಮನೆಗೊಂದು ಕಾನೂನು: ಒಂದು ಹಚ್ಚಿದರೆ ಒಂದು ಆರಿಸಬೇಕು. ಮಿಕ್ಸಿ ತಿರುಗುವಷ್ಟು ಹೊತ್ತು ಮನೆಮಂದಿಯೆಲ್ಲ ಕತ್ತಲಲ್ಲಿ. ಮಗಳು ಇಸ್ತ್ರಿ ಹಾಕುವಾಗ ಅವನು ಟಾರ್ಚು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ. ನಮ್ಮಪ್ಪ ನಡೆದಾಡೋ ಲೈಟುಕಂಬ ಎಂದು ಅವಳು ಗೇಲಿ ಮಾಡುತ್ತಿದ್ದಳು. ಮಲಗುವ ಮುಂಚೆ, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವ ಹಾಗೆ, ಗೋಡೆಗಳನ್ನೆಲ್ಲ ಹಿಂಗೈಯಿಂದ ಮುಟ್ಟಿ ಬರುತ್ತಿದ್ದ. ಹಾಗೆ ಜೋಪಾನ ಮಾಡಿದ ಗೋಡೆಯ ಮೇಲೆ ಈಗ ಅವನದೇ ಭಾರ ಬಿದ್ದಿತ್ತು.

*

ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಅಂಟಿನ ವಾಸನೆ ಎದ್ದಿತು. ಪ್ರೆಸ್ಸಿನಿಂದ ಅವನು ದಿನಾ ಸಂಜೆ ಮೈಮೇಲೆ ಹೊತ್ತು ತರುತ್ತಿದ್ದ, ಎಷ್ಟು ಸೋಪು ಹಾಕಿದರೂ ಬಿಡದ ವಾಸನೆ. ಒಳಕೋಣೆಯ ಬಲ್ಬು, ಸ್ವಿಚ್ಚು ಆರಿದ್ದರೂ, ನಿದ್ದೆಗೆಟ್ಟ ಕಣ್ಣಿನ ಹಾಗೆ ಕೆಂಪಗೆ ಮಿಣುಕುತ್ತಿತ್ತು. ಆರಿಸಿದ ಫ್ಯಾನು ಒಂದು ಸುತ್ತು ತಿರುಗಿ ನಿಂತಿತು.

ಪ್ರೆಸ್ಸಿನ ಮುದುಕನೊಬ್ಬ ಎದ್ದು ನಿಂತು, ಬೈಂಡರ್ ಇಲ್ಲೇ ಇದ್ದಾನೆ ಎಂದು ಕೈ ಮುಗಿದ.

"ಬಂದಿಲ್ಲ ಅವರು," ಅಂದಳು ಅವಳು. "ಗೋಡೆ ಬೇಯ್ತಾ ಇದೆ."

ತಮ್ಮ ಎಲೆಕ್ಟ್ರಿಷಿಯನ್ನನ್ನು ಕರೆತಂದ. ಅವನು ಗೋಡೆಗೆ ಕಿವಿ ಇಟ್ಟು ಕೇಳಿದ, ಮುಖ ಸಪ್ಪೆ ಮಾಡಿದ. ಕೆಳಗಿನ ಗೋದಾಮಿಗೆ ಬೀಗ, ಪಕ್ಕದಲ್ಲಿ ಬರೀ ಖಾಲಿ ಜಾಗ, ಬೇರೆ ಕಡೆಯಿಂದ ಲೈನು ಎಳೆಯಲು ದಾರಿಯಿಲ್ಲ. ಜನರೇಟರ್ ಕೇಳಿದ ಕಡೆಯಲ್ಲೆಲ್ಲ ನಾಳೆ ಬನ್ನಿ ಎಂದಿದ್ದರು. ಅಷ್ಟರಲ್ಲಿ ಪೆಟ್ಟಿಗೆಯ ಹಿಂದಿನ ಗೋಡೆಯ ಬಣ್ಣ ಗುಳ್ಳೆ ಎದ್ದು ಒಡೆಯಿತು. ಅವಳು ಹಿಂಗೈ ಇಟ್ಟಳು. ಇಟ್ಟ ಕೈ ತಾನಾಗಿ ಹಿಂದೆ ಬಂತು.

ಅವಳಿಗೆ ಅಳು ಬಂದದ್ದು ಆಗ. ಒಂದು ಕಡೆ ಮಗಳು, ಒಂದು ಕಡೆ ಇಷ್ಟು ಜನ ತುಂಬಿದ ಮನೆ. ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ನೀವು ಮಾತ್ರ ಆರಾಮಾಗಿ ಮಲಗಿದ್ದೀರಲ್ರೀ ಎಂದು ಮನಸ್ಸಿನಲ್ಲೇ ಬೈದಳು. ಬೈದು, ಬಗ್ಗಿ, ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತಳು.

"ಅಕ್ಕಾ, ಏನ್ ಮಾಡ್ದೆ?" ತಮ್ಮ ಪ್ಲಗ್ಗಿಗೆ ಕೈ ಚಾಚಿದ. "ಅವಳಿಗೆ ಏನು ಹೇಳ್ಲಿ ನಾನು?"

"ನಾನು ಹೇಳ್ತೀನಿ. ಮುಖ ಬಾಡೋಕೆ ಶುರುವಾದ್ರೆ ಎತ್ಕೊಂಡು ಹೋಗಿ. ಅಲ್ಲೀವರೆಗೆ ಕಾಯಣ."

ಸ್ಟೂಲು ಎಳೆದುಕೊಂಡು ಪೆಟ್ಟಿಗೆಯ ಪಕ್ಕ ಕೂತಳು. ಯಾರಾದರೂ ಮತ್ತೆ ಸಿಕ್ಕಿಸಿಬಿಟ್ಟಾರೆಂದು ಪ್ಲಗ್ಗನ್ನು ಮುಷ್ಟಿಯಲ್ಲೇ ಹಿಡಿದುಕೊಂಡಳು.

ಗುಂಯ್ ನಿಂತಿತ್ತು. ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ, ತೀರ ಸಣ್ಣಗೆ, ಪೆಟ್ಟಿಗೆ ಮತ್ತೆ ಗುಂಯ್ ಎಂದಿತು.

ಎಲೆಕ್ಟ್ರಿಷಿಯನ್ ಅವಳ ಮುಷ್ಟಿಯಲ್ಲಿದ್ದ ಪ್ಲಗ್ಗು ನೋಡಿದ, ಪೆಟ್ಟಿಗೆ ನೋಡಿದ. ಹೋಗಿ ಮೇನ್ ಫ್ಯೂಸನ್ನೇ ಕಿತ್ತು ಬಂದ. ಒಳಕೋಣೆಯ ಬಲ್ಬು ಆರಿತು. ಗೋಡೆಗೆ, ಬೋರ್ಡಿಗೆ, ಪೆಟ್ಟಿಗೆಗೆ ಟೆಸ್ಟರ್ ಮುಟ್ಟಿಸಿದ. ಎಲ್ಲಿಯೂ ಅದರ ದೀಪ ಹತ್ತಲಿಲ್ಲ. ಗುಂಯ್ ಮಾತ್ರ ನಿಲ್ಲಲಿಲ್ಲ. ಕೆಳಗಿರ್ತೀನಿ ಅಕ್ಕ, ಬೇಕಾದ್ರೆ ಕೂಗಿ ಎಂದವನು ಚಪ್ಪಲಿಯನ್ನೂ ಮೆಟ್ಟದೆ ಇಳಿದುಹೋದ. ಅವನ ಹಿಂದೆ ಒಬ್ಬೊಬ್ಬರೇ ಏನೋ ಕೆಲಸದ ನೆಪ ತೆಗೆದು ಮೆಟ್ಟಿಲಿಳಿದರು. ತಮ್ಮ ಬಾಗಿಲಲ್ಲೇ ನಿಂತ, ಒಳಗೆ ಬರುವ ಧೈರ್ಯವಾಗಲಿಲ್ಲ.

ಅವಳು ಏಳಲಿಲ್ಲ. ಮಗಳು ಬರೋವರೆಗೆ ಕಣ್ರೀ, ಅವಳು ಬರೋವರೆಗೆ ಎಂದು ಗಾಜಿಗೆ ಬಾಯಿ ಹತ್ತಿರ ತಂದು ಹೇಳುತ್ತ ಕೂತಳು. ಸೆಕೆಗೆ ಅವಳ ಬೆನ್ನಿನ ಬಟ್ಟೆ ತೊಯ್ದು ಅಂಟಿಕೊಂಡಿತ್ತು. ಗೋಡೆಯ ಬಿಸಿ ಇಳಿಯುತ್ತ ಬಂತು, ಅಂಟಿನ ವಾಸನೆ ಕರಗಿತು.

ಹೊತ್ತು ಮುಳುಗುವ ಮುಂಚೆ ಮಗಳು ಬಂದಳು. ಬ್ಯಾಗು ಮೆಟ್ಟಿಲಲ್ಲೇ ಬಿಟ್ಟು ಓಡಿ ಬಂದಳು. ಕರೆಂಟು ತೆಗೆದದ್ದನ್ನು ಮಾವ ಬಾಗಿಲಲ್ಲೇ ಹೇಳಿದ್ದ. ಏನು ನೋಡಬೇಕಾಗುತ್ತದೋ ಎಂದುಕೊಳ್ಳುತ್ತಲೇ ಗಾಜಿನ ಮೇಲೆ ಬಗ್ಗಿದಳು. ಗಾಜು ಬೆಳ್ಳಗಾಗಿತ್ತು, ಮುಖ ಕಾಣಲಿಲ್ಲ. ಮಗಳು ಸೆರಗಿನಿಂದ ಒರೆಸಿದಳು, ಹೋಗಲಿಲ್ಲ. ಮಂಜು ಒಳಗಡೆ ಕಟ್ಟಿತ್ತು.

ತಮ್ಮ ಬಂದು ಮುಚ್ಚಳ ಎತ್ತಿದ. ತಣ್ಣನೆಯ ಹಬೆ ಎದ್ದು ಮೂವರ ಮುಖಕ್ಕೂ ಬಡಿಯಿತು. ಬೈಂಡರ್ ಈಗ ತಾನೇ ಕಣ್ಣು ಮುಚ್ಚಿದವನ ಹಾಗಿದ್ದ, ರೆಪ್ಪೆಯ ಮೇಲೆ ಸಣ್ಣ ಹಿಮದ ಪುಡಿ. ಮಗಳು ಅಪ್ಪನ ಕೆನ್ನೆಗೆ ಕೆನ್ನೆ ಹಚ್ಚಿ ಮನಸಾರೆ ಅತ್ತಳು. ಅವಳ ಅಳು ಇಳಿಯುವ ಹೊತ್ತಿಗೆ ಗುಂಯ್ ನಿಂತಿತ್ತು. ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ.

ಕಣ್ಣೊರೆಸಿಕೊಂಡು ತಿರುಗಿದವಳಿಗೆ ಅಮ್ಮನ ಬಿಗಿದ ಮುಷ್ಟಿ ಕಂಡಿತು.

"ಇನ್ನೂ ಹಿಡ್ಕೊಂಡೇ ಕೂತಿದ್ದೀಯಲ್ಲಮ್ಮ. ಸಾಕು, ಕೊಡು."

ತೆಗೆದುಕೊಳ್ಳಲು ಹೋದವಳು ಚುರ್ರೆಂದು ಕೈ ಹಿಂದಕ್ಕೆಳೆದುಕೊಂಡಳು. ಅಮ್ಮ ಮೆಲ್ಲಗೆ ಬೆರಳು ಬಿಡಿಸಿದಳು. ಅಂಗೈಯ ನಡುವೆ ಪ್ಲಗ್ಗಿನ ಮೂರು ಪಿನ್ನುಗಳು ಸುಟ್ಟ ಗುರುತು, ಆಗಲೇ ಬೊಬ್ಬೆ ಎದ್ದು ಹೊಳೆಯುತ್ತಿತ್ತು.