ಕೊನೆಯ ಪ್ಯಾರಾ

ಕೊನೆಯ ಪ್ಯಾರಾವನ್ನು ಅವನು ಮತ್ತೆ ಹೊಡೆದುಹಾಕಿದ. ಮೇಲಿನದೆಲ್ಲ ಸಲೀಸಾಗಿ ಬಂದಿತ್ತು: ಬಿಸ್ಕತ್ತು ಕಾರ್ಖಾನೆಯಲ್ಲಿ ಸಿಬ್ಬಂದಿ ಅಧಿಕಾರಿಯಾಗಿದ್ದ ವರ್ಷಗಳು, ನಿಭಾಯಿಸಿದ ಮುಷ್ಕರ, ಕೆಲಸಕ್ಕೆ ಸೇರಿಸಿಕೊಂಡ ನೂರಾರು ಜನ. ಮುಗಿಸುವುದು ಮಾತ್ರ ಆಗುತ್ತಿಲ್ಲ. ಅರ್ಜಿ ಬರೆಯುವುದು ಹೇಗೆಂದು ಊರಿಗೆಲ್ಲ ಉಪದೇಶ ಮಾಡಿದವನಿಗೆ ಈ ಗತಿ.

ಅವನ ಪದ್ಧತಿ ಕಾರ್ಖಾನೆಯಲ್ಲಿ ಹೆಸರಾಗಿತ್ತು. ಅರ್ಜಿಗಳನ್ನು ತಲೆಯಿಂದ ಓದುತ್ತಿರಲಿಲ್ಲ, ಬಾಲದಿಂದ ಓದುತ್ತಿದ್ದ. 'ದಯವಿಟ್ಟು ಒಂದು ಅವಕಾಶ ಕೊಡಿ' ಎಂದಿದ್ದರೆ ಬುಟ್ಟಿಗೆ. 'ಸಂಸಾರದ ಭಾರ ನನ್ನ ಮೇಲಿದೆ' ಎಂದರೂ ಬುಟ್ಟಿಗೆ. 'ನಾಳೆಯೇ ಬಂದು ಸೇರಬಲ್ಲೆ' ಎಂದವರ ಮೇಲಂತೂ ವಿಶೇಷ ತಾತ್ಸಾರ. "ನಾಳೆನೇ ಬರ್ತೀನಿ ಅನ್ನೋನು ಇವತ್ತು ಎಲ್ಲೂ ಬೇಡವಾದೋನು," ಎಂದು ಸಹಾಯಕಿಗೆ ಪಾಠ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಹಾಗೆ ಎಷ್ಟು ಜನರ ಅನ್ನಕ್ಕೆ ಕಲ್ಲು ಹಾಕಿದನೋ, ಲೆಕ್ಕ ಇಟ್ಟವರಿಲ್ಲ.

ಆಮೇಲೆ ಕಾರ್ಖಾನೆಯವರು ಅವನ ಹುದ್ದೆಯನ್ನೇ ತೆಗೆದುಹಾಕಿದರು. ಕೈಕುಲುಕಿ, ಹೊರಗೆ ಯಾರಿಗೂ ಹೇಳುವುದಿಲ್ಲವೆಂದು ಮಾತೂ ಕೊಟ್ಟರು. ಅದೊಂದು ಉಪಕಾರ ಬೇರೆ. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಹೆಂಡತಿ ಹಗಲು ಪಾಳಿ ಸಾಲದೆಂದು ರಾತ್ರಿ ಪಾಳಿಗೂ ಹೆಸರು ಕೊಟ್ಟಳು. ರೋಗಿಗಳನ್ನು ಎತ್ತಿ ಮಲಗಿಸಿ ಮಲಗಿಸಿ ಅವಳ ಮೊಣಕಾಲು ಬಾತುಹೋಗಿತ್ತು. ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಿದ್ದಳು. ಇವನಿಗೆ ಕೆಲಸ ಸಿಕ್ಕ ದಿನವೇ ರಾತ್ರಿ ಪಾಳಿ ಬಿಡುವುದೆಂದು ಗಂಡಹೆಂಡಿರಲ್ಲಿ ಮಾತಾಗಿತ್ತು.

ಈ ಅರ್ಜಿ ಹೋಗಬೇಕಾದದ್ದು ಒಂದು ಔಷಧ ಕಂಪನಿಗೆ. ಜಾಹೀರಾತಿನ ಕೆಳಗೆ ಅವನ ಹಳೆಯ ಸಹಾಯಕಿಯ ಹೆಸರಿತ್ತು. ಅವಳೀಗ ಅಲ್ಲಿ ವಿಭಾಗದ ಮುಖ್ಯಸ್ಥೆ.

"ನಾಳೆನೇ ಬರ್ತೀನಿ ಅಂತ ಬರೀರಿ. ಇರೋ ವಿಷಯ ಅದೇ ತಾನೆ," ಎಂದಳು ಹೆಂಡತಿ, ಕೆಲಸದ ಬಟ್ಟೆಗೆ ಇಸ್ತ್ರಿ ಮಾಡುತ್ತ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು. ಅವಳಿಗೆ ಹೇಳ್ಕೊಟ್ಟೋನೇ ನಾನು."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಅವಳು ಬಟ್ಟೆ ಮಡಚಿಟ್ಟಳು.

ಅವನು ಬರೆದ: 'ಸದ್ಯದ ಜವಾಬ್ದಾರಿಯನ್ನು ವಹಿಸಿಕೊಟ್ಟು ಬರಲು ನನಗೆ ಎರಡು ತಿಂಗಳ ಕಾಲಾವಕಾಶ ಬೇಕು. ನನ್ನ ಅನುಭವ ತಮ್ಮ ಸಂಸ್ಥೆಗೆ ಉಪಯೋಗವಾಗುವುದಾದರೆ ಮಾತುಕತೆಗೆ ಸಿದ್ಧನಿದ್ದೇನೆ.' ಓದಿ ನೋಡಿದ. ಗಟ್ಟಿಯಾಗಿತ್ತು. ಎಷ್ಟೋ ದಿನಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ಕೆಲಸ ಖಾತ್ರಿಯಾದ ಮೇಲೆ, ಬೇಗ ಬಿಡಿಸಿಕೊಂಡು ಬಂದೆ ಎಂದರಾಯಿತು ಎಂದುಕೊಂಡ.

ವಾರ ಕಳೆದು ಒಂದು ಸಂಜೆ ಫೋನು ಬಂತು. ಸಹಾಯಕಿಯೇ. ದನಿಯಲ್ಲಿ ಹಳೆಯ ಗೌರವ ಹಾಗೇ ಇತ್ತು. ಬಾಲದಿಂದ ಓದಿದರೆ ನಿಲ್ಲುವ ಅರ್ಜಿ ನಿಮ್ಮದೊಂದೇ ಎಂದು ನಕ್ಕಳು. ಆಮೇಲೆ ವಿಷಯಕ್ಕೆ ಬಂದಳು: ಇದ್ದ ಅಧಿಕಾರಿ ಹೇಳದೆ ಕೇಳದೆ ಬಿಟ್ಟುಹೋಗಿದ್ದಾನೆ, ಸೋಮವಾರವೇ ಯಾರಾದರೂ ಬಂದು ಆ ಕುರ್ಚಿಯಲ್ಲಿ ಕೂರಬೇಕು.

"ಮೇಲಿನವರಿಗೆ ನಿಮ್ಮ ಹೆಸರೇ ಹೇಳಿದ್ದೆ ಸರ್. ಎರಡು ತಿಂಗಳು ಕಾಯೋಕಾಗಲ್ಲ ಅಂದ್ರು. ನಾಳೆನೇ ಬರ್ತೀನಿ ಅಂತ ಬರೆದಿರೋನು ಒಬ್ಬ ಇದಾನೆ. ನೀವಾಗಿದ್ರೆ ಅವನನ್ನ ಬುಟ್ಟಿಗೆ ಹಾಕ್ತಿದ್ರಿ. ಅದಕ್ಕೇ ಒಂದು ಸಲ ಕೇಳೋಣ ಅಂತ ಫೋನ್ ಮಾಡ್ದೆ. ಸೋಮವಾರ ಬರೋಕೆ ಏನಾದ್ರೂ ದಾರಿ ಇದೆಯಾ?"

ಹೂಂ ಎಂದರೆ ಸಾಕಿತ್ತು. ಗಂಟಲವರೆಗೂ ಬಂತು. ಆದರೆ ಎರಡು ತಿಂಗಳು ಬೇಕೆಂದವನು ಸೋಮವಾರಕ್ಕೇ ಹೂಂ ಎಂದರೆ ಬರೆದದ್ದು ಸುಳ್ಳೆಂದು ಅವಳಿಗೆ ತಿಳಿಯುತ್ತದೆ. ಎಲ್ಲೂ ಬೇಡವಾದವನಾಗಿ, ಅದೂ ಅವಳ ಕೈಕೆಳಗೆ, ಹೋಗಿ ನಿಲ್ಲಬೇಕು. ಹಾಳು ಮಾನ, ಹೊಟ್ಟೆ ಖಾಲಿಯಿದ್ದಷ್ಟೂ ಅದಕ್ಕೆ ಹಸಿವು ಜಾಸ್ತಿ.

"ಇಲ್ಲಮ್ಮ," ಎಂದ. "ಇಲ್ಲಿ ನನ್ನ ಬಿಡೋ ಹಾಗಿಲ್ಲ."

ತನಗೆ ಮೊದಲೇ ಗೊತ್ತಿತ್ತು, ನಿಮ್ಮಂಥವರನ್ನು ಯಾರು ಬಿಡುತ್ತಾರೆ ಎಂದು ಅವಳು ಫೋನಿಟ್ಟಳು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಬಾತ ಕಾಲನ್ನು ಚಾಚಿ, ಮೊಣಕಾಲಿಗೆ ಸುತ್ತುವ ಪಟ್ಟಿಯ ಒಂದು ಕಡೆಯನ್ನು ಅವನತ್ತ ಹಿಡಿದಳು.

"ಬಿಗಿಯಾಗಿ ಹಿಡ್ಕೊಳ್ಳಿ," ಎಂದಳು. "ಪಾಳಿಗೆ ಹೊತ್ತಾಯ್ತು."

ಅವನು ನೆಲದ ಮೇಲೆ ಕೂತು ಹಿಡಿದುಕೊಂಡ. ಅವಳು ಸುತ್ತುತ್ತ ಹೋದಳು.