ತೆರೆದ ಬಾಯಿ

ನಾನೊಂದು ಹೆಣ್ಣು ಮೊಸಳೆ. ಕೃಷ್ಣಾ ನದಿಯ ದಂಡೆಯ ಮರಳಿನಲ್ಲಿ ಮೊಟ್ಟೆಯೊಡೆದು ಹುಟ್ಟಿದೆ. ನನ್ನನ್ನು ಮೊದಲು ಎತ್ತಿಕೊಂಡದ್ದು ಅಮ್ಮನ ಬಾಯಿ. ಹಲ್ಲು ತಾಗದ ಹಾಗೆ ಹೊತ್ತು ತಂದು ನೀರಿಗೆ ಬಿಟ್ಟಳು. ನಿಮಗೆ ತೊಟ್ಟಿಲು ಹೇಗೋ ನಮಗೆ ಬಾಯಿ ಹಾಗೆ. ಬೆಳೆದ ಮೇಲೆ ಅದನ್ನೇ ಅಗಲವಾಗಿ ತೆರೆದು ಬಿಸಿಲಿಗೆ ಮಲಗುತ್ತೇವೆ. ಸೆಕೆಗೆ ನಾಯಿ ನಾಲಿಗೆ ಚಾಚುವುದಿಲ್ಲವೆ? ಅಷ್ಟೇ. ನೋಡಿದವರಿಗೆ ಮಾತ್ರ ಹಲ್ಲು ಕಾಣುತ್ತದೆ.

ನಾನು ಮಲಗುತ್ತಿದ್ದದ್ದು ಹಳೆಯದೊಂದು ಅತ್ತಿಮರದ ಬುಡದಲ್ಲಿ. ಅಲ್ಲಿಗೆ ಬಾಳವ್ವ ಮೀನು ಹಸನು ಮಾಡಲು ಬರುತ್ತಿದ್ದಳು. ಅವಳ ಗಂಡ ಮುದಕಪ್ಪ ತೆಪ್ಪದಲ್ಲಿ ಕೂತು ಬಲೆ ಬೀಸುವವನು. ಮೀನಿನ ಕರುಳನ್ನೆಲ್ಲ ಅವಳು ನನ್ನತ್ತ ಎಸೆಯುತ್ತಿದ್ದಳು.

"ತಗೊಳ್ಳವ್ವಾ, ನಿನ್ನ ಪಾಲು. ನನ್ನ ಗಂಡನ ತೆಪ್ಪಕ್ಕ ಮಾತ್ರ ಬಾಲ ತಾಗಿಸಬ್ಯಾಡ."

ಮುದಕಪ್ಪ ನಗುತ್ತಿದ್ದ. "ನನಗ ಒಣ ರೊಟ್ಟಿ, ಅದಕ್ಕ ದಿನಾ ಮೀನಿನೂಟ. ನಿನ್ನ ತವರಮನಿ ಕಡೀದೇನ ಅದು?"

"ಹೌದು, ನಮ್ಮಕ್ಕ. ಸುಮ್ನ ತೆಪ್ಪ ನಡಸು."

ಆಮೇಲೆ ಯಂತ್ರಗಳು ಬಂದು ದಂಡೆಯ ಬುಡದ ಮರಳನ್ನೆಲ್ಲ ಬಗೆದು ಒಯ್ದವು. ಅತ್ತಿಮರದ ಬೇರುಗಳು ನೀರಿನೊಳಗೆ ಜೋತುಬಿದ್ದವು. ಅವುಗಳ ಕೆಳಗೆ ಆಳದ ಗುಂಡಿಯಾಯಿತು. ಒಂದು ಮಧ್ಯಾಹ್ನ ಮುದಕಪ್ಪನ ಬಲೆ ಬೇರಿಗೆ ಸಿಕ್ಕಿತು. ಬಿಡಿಸಲು ಇಳಿದ. ಅಲ್ಲಿ ಮೊಣಕಾಲುದ್ದ ನೀರೆಂದೇ ಚಿಕ್ಕಂದಿನಿಂದ ತಿಳಿದವನು. ಕಾಲಿಗೆ ನೆಲ ಸಿಗಲಿಲ್ಲ. ಬಲೆ ಸುತ್ತಿಕೊಂಡಿತು, ಬೇರಿನ ಸಂದಿಯಲ್ಲೇ ಸಿಕ್ಕಿ ಮುಳುಗಿದ.

ಊರವರು ಹೊಳೆಯನ್ನೆಲ್ಲ ಜಾಲಾಡಿದರು. ಬೇರಿನ ಕೆಳಗೆ ಮಾತ್ರ ಯಾರೂ ಇಳಿಯಲಿಲ್ಲ. ಮೇಲೆ ನಾನು ಮಲಗಿದ್ದೆನಲ್ಲ.

"ಹೊಟ್ಟಿ ನೋಡ್ರೋ, ಹೆಂಗ ಉಬ್ಬೇತಿ!" ಎಂದು ಒಬ್ಬ ಕೂಗಿದ.

ಹೊಟ್ಟೆಯಲ್ಲಿದ್ದದ್ದು ಮೊಟ್ಟೆ. ನಾನು ಅವನನ್ನು ತಿಂದಿಲ್ಲ. ತಿನ್ನುತ್ತಿರಲಿಲ್ಲ ಎಂದು ಮಾತ್ರ ಆಣೆ ಇಡಲಾರೆ. ಮಾಂಸದಿಂದಲೇ ಬದುಕುವ ಜೀವ ನಾನು. ಆ ಬೇರಿನ ಸಂದಿಯಲ್ಲಿ ನನ್ನ ಮೂತಿ ತೂರಲಿಲ್ಲ.

ಹಗ್ಗ ಹಾಕಿ ಎಳೆದರು, ಬಾಯಿ ಕಟ್ಟಿದರು. ಒಬ್ಬಳು ಹೆದರಿ ನನ್ನ ಹಣೆಗೆ ಕುಂಕುಮವಿಟ್ಟು ಕೈಮುಗಿದಳು, ಉಳಿದವರು ಕಲ್ಲು ಹೊಡೆದರು. ಅರಣ್ಯ ಇಲಾಖೆಯವರು ಲಾರಿಯಲ್ಲಿ ತಂದು ದೂರದ ಮೃಗಾಲಯದ ಸಿಮೆಂಟ್ ಹೊಂಡಕ್ಕೆ ಬಿಟ್ಟರು. ಅಲ್ಲಿ ಮರಳಿಲ್ಲ. ಮೊಟ್ಟೆಗಳನ್ನು ಬರಿಯ ನೆಲದ ಮೇಲೆ ಇಟ್ಟೆ. ಒಂದರಿಂದಲೂ ಮರಿ ಹೊರಬರಲಿಲ್ಲ.

ಒಂದು ದಿನ ಕಂಬಿಯಾಚೆ ಬಾಳವ್ವ ಬಂದು ನಿಂತಳು. ಅವಳ ಹಣೆಯಲ್ಲಿ ಕುಂಕುಮ ಇನ್ನೂ ಇತ್ತು.

"ಅಕ್ಕಾ, ಊರವರು ಏನಾರ ಅನ್ನಲಿ, ನೀ ಹೇಳು. ಹೆಣಾನ ಕಾಣದ, ಈ ಕುಂಕುಮ ಹೆಂಗ ಅಳಸಲಿ? ಯಾವ ಕುಣ್ಯಾಗ ಮಣ್ಣು ಹಾಕಲಿ? ಅವ ನಿನ್ನ ಹೊಟ್ಟ್ಯಾಗ ಅದಾನೋ, ಹೊಳ್ಯಾಗ ಅದಾನೋ?"

ಬಿಸಿಲು ಏರಿತ್ತು. ಸಿಮೆಂಟು ಕಾದಿತ್ತು. ನನಗೆ ತಿಳಿಯುವ ಮೊದಲೇ ನನ್ನ ಬಾಯಿ ತೆರೆದುಕೊಂಡಿತು.

ಬಹಳ ಹೊತ್ತು ಅವಳು ಅದರೊಳಗೇ ನೋಡಿದಳು. ಆಮೇಲೆ ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡಳು. ಅದೇ ಸೆರಗಿನ ಗಂಟು ಬಿಚ್ಚಿ, ಒಂದು ಹಿಡಿ ಹೊಳೆಯ ಮರಳು ತೆಗೆದು, ಹೆಣದ ಕುಣಿಗೆ ಮಣ್ಣು ಹಾಕುವಂತೆ ಕಂಬಿಯ ಸಂದಿಯಿಂದ ನನ್ನ ಬೆನ್ನಿನ ಮೇಲೆ ಚೆಲ್ಲಿದಳು. ತಿರುಗಿ ನೋಡದೆ ಹೋದಳು.

ಆ ಮರಳು ಹೊಂಡ ತೊಳೆಯುವ ನೀರಿಗೆ ಎಂದೋ ಕೊಚ್ಚಿಹೋಯಿತು. ನನಗೂ ಮುಪ್ಪು ಬಂದಿದೆ. ಮುದಕಪ್ಪ ಇನ್ನೂ ಅತ್ತಿಮರದ ಬೇರಿನ ಕೆಳಗೇ ಇದ್ದಾನೆ. ಮೇಲೆ ಈಗ ಯಾರೂ ಮಲಗಿಲ್ಲ. ಹೆದರಿಕೆಯಿಲ್ಲದೆ ಇಳಿದು ನೋಡಬಹುದು. ಆದರೆ ಹುಡುಕುವವರು ಯಾರೂ ಉಳಿದಿಲ್ಲ.